ಕೈಯಲ್ಲೊಂದು ಡಿಗ್ರಿ ಇರಲಿ

ನಮ್ಮ ತವರಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಆಸ್ತಿಯೇನಾದರೂ ಇದ್ದರೆ ಅದು ಒಂದು ಮಾತು: "ಯಾವುದಕ್ಕೂ ಕೈಯಲ್ಲೊಂದು ಡಿಗ್ರಿ ಇರಲಿ." ನಾನು ಸಂಗೀತವನ್ನೇ ಮುಂದುವರಿಸುತ್ತೇನೆ ಎಂದಾಗ ಅಪ್ಪ ಬೇಡವೆನ್ನಲಿಲ್ಲ. ಈ ಮಾತನ್ನಷ್ಟೇ ಹೇಳಿದರು. ಬಿ.ಎ. ಆಯಿತು, ಅದರ ಬಾಲವಾಗಿ ಬಿ.ಎಡ್. ಆಯಿತು. 26 ವರ್ಷದಿಂದ ಹೈಸ್ಕೂಲಿನ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದೇನೆ. ತಂಬೂರಿ ಅಟ್ಟದ ಮೇಲಿದೆ. ಇದನ್ನು ದುಃಖದ ಕಥೆಯೆಂದು ನೀವು ತಿಳಿಯಬೇಕಾಗಿಲ್ಲ. ಪಾಠ ಹೇಳುವುದು ನನಗೆ ಇಷ್ಟವೇ. ಆದರೆ ಆಪತ್ತಿಗೆಂದು ಇಟ್ಟುಕೊಂಡಿದ್ದೇ ಬದುಕಾಗಿಬಿಟ್ಟಿತಲ್ಲ ಎಂದು ಒಮ್ಮೊಮ್ಮೆ, ಅದೂ ಬೆಳಗಿನ ಜಾವ ರೇಡಿಯೋದಲ್ಲಿ ಯಾರಾದರೂ ಭೌಳಿ ಹಾಡುತ್ತಿದ್ದರೆ, ಅನ್ನಿಸುವುದುಂಟು.

2023ರಲ್ಲಿ ಮಗಳು ಸೈನ್ಸಿನಲ್ಲಿ ಪಿ.ಯು.ಸಿ. ಮುಗಿಸಿದಳು. ಅವಳಿಗೆ ಪೈಲಟ್ ಆಗುವ ಹುಚ್ಚು ಏಳನೇ ಕ್ಲಾಸಿನಿಂದಲೂ ಇತ್ತು. ಆ ವರ್ಷವೇ ಫೆಬ್ರವರಿಯಲ್ಲಿ ನಮ್ಮ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯೂ ಆಗಿಹೋಯಿತು, ಕೇಳಬೇಕೇ! ಆದರೆ ಅವಳಿಗೆ ಹತ್ತನೇ ಕ್ಲಾಸಿನಲ್ಲಿ ಕನ್ನಡಕ ಬಂದಿತ್ತು. ಕನ್ನಡಕ ಹಾಕುವವರನ್ನು ಪೈಲಟ್ ಮಾಡುವುದಿಲ್ಲ ಎಂದು ಮದುವೆ ಮನೆಯೊಂದರಲ್ಲಿ ಯಾರೋ ಹೇಳಿದ್ದನ್ನು ಅವಳು ನಂಬಿದ್ದಳು. ನಾನೂ ನಂಬಿದ್ದೆ. ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಅವಳ ಹೊಸ ಕನ್ನಡಕ ತರಲು ನಾನೊಬ್ಬಳೇ ಹೋದ ದಿನ ಕಣ್ಣಿನ ಡಾಕ್ಟರು ಮಾತಿಗೆ ಮಾತು ಬಂದು ನಕ್ಕುಬಿಟ್ಟರು. "ಯಾರಮ್ಮ ಹಾಗೆ ಹೇಳಿದ್ದು? ಕನ್ನಡಕ ಹಾಕಿದ ಮೇಲೆ ದೃಷ್ಟಿ ಅವರು ಕೇಳಿದಷ್ಟು ಸರಿಯಿದ್ದರೆ ಆಯಿತು. ಬಣ್ಣ ಗುರುತಿಸುವುದರಲ್ಲಿ ದೋಷ ಇರಬಾರದು, ಅವಳಿಗೆ ಇಲ್ಲ." ಕನ್ನಡಕದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಡಬ್ಬಿ ಕೊಟ್ಟೆ. ಮಾತನ್ನು ಕೊಡಲಿಲ್ಲ.

ಹನ್ನೊಂದು ದಿನ ಸುಮ್ಮನಿದ್ದೆ. ಇಂಜಿನಿಯರಿಂಗ್ ಸೀಟಿಗೆ ಕಾಲೇಜುಗಳ ಪಟ್ಟಿ ಮಾಡುವ ಗಡಿಬಿಡಿ ನಡೆಯುತ್ತಿತ್ತು. ಅದೊಂದು ಆಗಿಬಿಡಲಿ, ಫೀಜು ಕಟ್ಟಿಬಿಟ್ಟರೆ ಅವಳೂ ಹೊಂದಿಕೊಳ್ಳುತ್ತಾಳೆ ಎಂದುಕೊಂಡೆ. ನಾನು ಸುಳ್ಳು ಹೇಳಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಅವಳು ಒಂದು ಸುಳ್ಳನ್ನು ನಂಬಿ ಬದುಕನ್ನು ತಿರುಗಿಸಿಕೊಳ್ಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಹೇಳಿದ ಸುಳ್ಳಿಗೂ ಹೇಳದೇ ಉಳಿಸಿಕೊಂಡ ನಿಜಕ್ಕೂ ಮಾತಿನಲ್ಲಿ ವ್ಯತ್ಯಾಸವಿರಬಹುದು. ಮೋಸ ಹೋದವರಿಗೆ ಏನು ವ್ಯತ್ಯಾಸ?

ಯಾತಕ್ಕೆ ಹಾಗೆ ಮಾಡಿದೆ? ಹೆದರಿಕೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಹೋದ ದಿನ ಟಿ.ವಿ. ಮುಂದೆ ಕೂತಿದ್ದು ನನಗೆ ಇನ್ನೂ ಮರೆತಿಲ್ಲ. ಅದು ಒಂದು. ಎರಡನೆಯದು ದುಡ್ಡು. ನಮ್ಮಲ್ಲಿದ್ದದ್ದು ಒಂದು ಸೈಟು, ಅವಳ ಮದುವೆಗೂ ನಮ್ಮ ಮುಪ್ಪಿಗೂ ಅಂತ. ಅದನ್ನು ಮಾರಿದರೂ ಸಾಲ ಮಾಡದೆ ತರಬೇತಿ ಮುಗಿಯುವುದಿಲ್ಲ. ಮೂರನೆಯದನ್ನು ಬರೆಯಲು ಸಂಕೋಚವಾಗುತ್ತದೆ. ನನ್ನ ಭಾವನವರ ಮಗ ಓದಲು ಜರ್ಮನಿಗೆ ಹೊರಟಾಗ ಅವರು ತೋಟವನ್ನೇ ಅಡವಿಟ್ಟರು. "ಯಾವುದಕ್ಕೂ ಇರಲಿ" ಎಂಬ ಮಾತು ಅವತ್ತು ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ. ಹುಡುಗ ಬಿದ್ದರೆ ಏಳುತ್ತಾನೆ ಎಂದು ನಾವೆಲ್ಲ ಹೇಗೋ ನಂಬಿರುತ್ತೇವೆ. ಹುಡುಗಿಗೆ ಮಾತ್ರ ಕೆಳಗೆ ಬಲೆ ಕಟ್ಟಿಯೇ ಮೇಲೆ ಹತ್ತಿಸುತ್ತೇವೆ. ಎಷ್ಟೋ ಸಲ ಬಲೆ ಕಟ್ಟುವುದರಲ್ಲೇ ಹತ್ತುವ ವಯಸ್ಸು ಕಳೆದಿರುತ್ತದೆ.

ಹನ್ನೊಂದನೇ ರಾತ್ರಿ ಹೇಳಿದೆ. ಅವಳು ಕೂಗಾಡಲಿಲ್ಲ. "ಎಷ್ಟು ದಿನ ಆಯ್ತಮ್ಮ?" ಎಂದಳು. ಹೇಳಿದೆ. ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ತಟ್ಟೆ ತೆಗೆದುಕೊಂಡು ಹೋಗಿ ಅಜ್ಜಿಯ ಕೋಣೆಯಲ್ಲಿ ಊಟ ಮಾಡಿದಳು.

ಆಮೇಲೆ ಶುರುವಾದದ್ದು ಡಿಗ್ರಿಯ ಚರ್ಚೆ. ನಿಮ್ಮಲ್ಲಿ ಯಾರ ಮಕ್ಕಳಿಗಾದರೂ ಈ ಆಸೆಯಿದ್ದರೆ ತಿಳಿದಿರಲಿ: ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಗ್ರಿ ಬೇಕಾಗಿಯೇ ಇಲ್ಲ. ಪಿ.ಯು.ಸಿ.ಯಲ್ಲಿ ಫಿಸಿಕ್ಸ್, ಗಣಿತ ಇರಬೇಕು, 18 ತುಂಬಿರಬೇಕು, 200 ಗಂಟೆ ಹಾರಾಟ, ಜೊತೆಗೆ ಪರೀಕ್ಷೆಗಳು. ದಿಕ್ಕು ಹಿಡಿಯುವುದು, ಹವಾಮಾನ, ನಿಯಮ, ಯಂತ್ರದ ವಿಚಾರ, ರೇಡಿಯೋ. ಎಲ್ಲಕ್ಕಿಂತ ಮೊದಲು ವೈದ್ಯಕೀಯ ಪರೀಕ್ಷೆ. ಅದರಲ್ಲಿ ಪಾಸಾಗದೆ ಯಾರಿಗೂ ಒಂದು ರೂಪಾಯಿ ಕಟ್ಟಬೇಡಿ. ಒಮ್ಮೆ ಪಾಸಾದರೆ ಮುಗಿಯಿತು ಎಂದೂ ಇಲ್ಲ, ಆ ಪರೀಕ್ಷೆ ವರ್ಷವರ್ಷವೂ ಬರುತ್ತದೆ.

ಇವರು ಬ್ಯಾಂಕಿನವರು. ಸಾಲ ಕೊಟ್ಟು ಕೊಟ್ಟು ಜನರ ಭರವಸೆಯನ್ನು ಅನುಮಾನದಿಂದಲೇ ನೋಡುವ ಕಣ್ಣು. ಕಾಗದದ ಮೇಲೆ ಗೆರೆ ಎಳೆದು ಬರೆದರು: 2012ರಲ್ಲಿ ಕಿಂಗ್‌ಫಿಷರ್ ನಿಂತಿತು, 2019ರಲ್ಲಿ ಜೆಟ್ ನಿಂತಿತು, 2020ರಲ್ಲಿ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕರ ವಿಮಾನವೇ ಹಾರಲಿಲ್ಲ, ಈ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿದೆ. "ಮೊದಲು ಇಂಜಿನಿಯರಿಂಗ್. ನಾಲ್ಕು ವರ್ಷ ತಾನೇ? ಆಮೇಲೆ ಹಾರು, ಬೇಡವೆನ್ನುವುದಿಲ್ಲ." ವಿಮಾನಯಾನದಲ್ಲೇ ಬಿ.ಎಸ್ಸಿ. ಕೊಡುವ ಕಾಲೇಜುಗಳೂ ಇವೆ, ಹಾರಾಟಕ್ಕೂ ಹತ್ತಿರ, ಡಿಗ್ರಿಯೂ ಆಯಿತು ಎಂದು ನನ್ನ ತಮ್ಮ ಫೋನಿನಲ್ಲಿ ಹೇಳಿದ.

ನನಗೆ ಆಗ ನೆನಪಾದದ್ದು ಸರಳಾ ಠಕ್ರಾಲ್. 1936ರಲ್ಲಿ, 21ನೇ ವಯಸ್ಸಿನಲ್ಲಿ, ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬಳೇ ಹಾರಿಸಿದವಳು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಅವರ ಗಂಡನೂ ಪೈಲಟ್, 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಮರ್ಷಿಯಲ್ ಲೈಸೆನ್ಸಿಗೆ ತಯಾರಾಗುತ್ತಿದ್ದಾಗ ಮಹಾಯುದ್ಧ ಬಂದು ತರಬೇತಿಯೇ ನಿಂತುಹೋಯಿತು. ಆಕೆ ಲಾಹೋರಿನ ಕಲಾಶಾಲೆಗೆ ಸೇರಿ ಚಿತ್ರಕಲೆ ಕಲಿತರು. ಮುಂದೆ ದೆಹಲಿಯಲ್ಲಿ ಸೀರೆಗಳ ಮೇಲೆ ಚಿತ್ತಾರ, ಆಭರಣಗಳ ವಿನ್ಯಾಸ, ಅದೇ ಜೀವನಕ್ಕೆ ದಾರಿಯಾಯಿತು. ಇವರ ಕಡೆಗೆ ವಾದ ಮಾಡುವುದಾದರೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಎರಡನೆಯ ದಾರಿ ಬೇಕೇ ಬೇಕು. ಆದರೆ ನೋಡಿ, ಆಕೆ ಮೊದಲು ಚಿತ್ರಕಲೆ ಕಲಿತು ಭದ್ರ ಮಾಡಿಕೊಂಡು ಆಮೇಲೆ ಹಾರಲು ಹೋಗಲಿಲ್ಲ. ಹಾಗೆ ಹೋಗಿದ್ದರೆ ಹಾರುತ್ತಲೇ ಇರಲಿಲ್ಲವೇನೋ. ಯುದ್ಧ ಅಷ್ಟರಲ್ಲಿ ಬಂದುಬಿಡುತ್ತಿತ್ತು.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳಿದೆ. ಮಗಳು ಬಹಳ ದಿನದ ಮೇಲೆ ನನ್ನ ಮುಖ ನೋಡಿದಳು. ಎಲ್ಲೆಲ್ಲೋ ಓದಿ ತಿಳಿದುಕೊಂಡಿದ್ದಳು. ವಿಮಾನ ಹೊರಡುವಾಗ ಸೇರಬೇಕಾದ ಊರಿಗೆ ಸಾಲುವಷ್ಟು ಮಾತ್ರ ಇಂಧನ ತುಂಬುವುದಿಲ್ಲವಂತೆ. ಅಲ್ಲಿ ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಅರ್ಧ ಗಂಟೆ ಸುತ್ತುವಷ್ಟು. "ಹಾಗಾದರೆ ನಾನು ಹೇಳಿದ್ದೇ ಸರಿ ಆಯ್ತಲ್ಲ" ಎಂದರು ಇವರು.

"ಇಲ್ಲಪ್ಪ. ಬೇಕಾದ್ದಕ್ಕಿಂತ ಜಾಸ್ತಿ ತುಂಬಿದರೆ ಆ ಭಾರ ಹೊರಲಿಕ್ಕೇ ಇಂಧನ ಖರ್ಚಾಗುತ್ತೆ. ನಾಲ್ಕು ವರ್ಷ, ಆಮೇಲೆ ಕೆಲಸ, ಆಮೇಲೆ ನೀವೇ ಗಂಡು ನೋಡ್ತೀರಿ. ನಾನು ಹೊರಡೋದು ಯಾವಾಗ?" ಇವರು ಮಾತಾಡಲಿಲ್ಲ. ಅವಳೇ ಮುಂದುವರಿಸಿದಳು. "ಮಾವ ಹೇಳೋ ಬಿ.ಎಸ್ಸಿ.ಯೂ ಬೇಡ. ಬೆಂಗಳೂರಲ್ಲಿ ಮಂಜು ಕವಿದರೆ ವಿಮಾನವನ್ನ ಚೆನ್ನೈಗೆ ತಿರುಗಿಸ್ತಾರೆ, ಅಲ್ಲಿ ಮಂಜಿಲ್ಲ ಅಂತ. ವಿಮಾನದ ಕೆಲಸವೇ ನಿಂತುಹೋದರೆ ವಿಮಾನದ ಡಿಗ್ರಿ ಇಟ್ಟುಕೊಂಡು ಎಲ್ಲಿ ಇಳೀಲಿ?"

ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಕೊನೆಗೆ ಅವಳು ಆರಿಸಿಕೊಂಡದ್ದು ಹಾರಾಟದ ತರಬೇತಿ, ಜೊತೆಗೆ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ., ಇತಿಹಾಸ. "ಇತಿಹಾಸ ಯಾಕೆ ಕಣೇ?" ಎಂದರೆ, "ನೀನಿದ್ದೀಯಲ್ಲ, ಟ್ಯೂಷನ್ ಫೀಜು ಉಳೀತು" ಎಂದಳು. ಹನ್ನೊಂದು ದಿನದ ಮಾತನ್ನು ಅವಳು ಮತ್ತೆ ಎತ್ತಿಲ್ಲ. ನಾನೂ ಎತ್ತಿಲ್ಲ. ಕ್ಷಮಿಸಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಮನೆಗೆ ಬಂದಾಗ ತನ್ನ ಪತ್ರಗಳನ್ನು ತಾನೇ ಅಂಚೆ ಡಬ್ಬಕ್ಕೆ ಹಾಕಿ ಬರುತ್ತಾಳೆ. ಮೊದಲು ನನ್ನ ಕೈಗೆ ಕೊಡುತ್ತಿದ್ದಳು.

ಸೈಟು ಮಾರಿದೆವು. ಕೊಂಡವರು ಈಗಾಗಲೇ ಅರ್ಧ ಮನೆ ಕಟ್ಟಿದ್ದಾರೆ. ನಾನು ಶಾಲೆಗೆ ಹೋಗುವ ದಾರಿ ಅದೇ. ಇವರು ಮಾತ್ರ ವಾಕಿಂಗಿಗೆ ಬೇರೆ ರಸ್ತೆ ಹಿಡಿದಿದ್ದಾರೆ. ನಮ್ಮ ದೇಶದ ಪೈಲಟ್‌ಗಳಲ್ಲಿ ಹೆಂಗಸರ ಪಾಲು ಲೋಕದ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಇಟ್ಟುಕೊಳ್ಳುವವರೂ ಇವರೇ. ನಾವು ಮಾಡಿದ್ದು ಸರಿಯೋ ತಪ್ಪೋ ಹೇಳಲಾರೆ. ಅವಳಿಗೆ ಕೆಲಸ ಸಿಕ್ಕರೆ ಸರಿ, ಸಿಗದಿದ್ದರೆ ತಪ್ಪು ಎನ್ನುವುದು ಊರಿನ ಲೆಕ್ಕ. ನನಗೆ ಆ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಅವತ್ತು ನಮಗೆ ತಿಳಿದಿದ್ದಷ್ಟನ್ನು ಅವಳ ಮುಂದೆ ಇಟ್ಟಿದ್ದೆವೋ ಇಲ್ಲವೋ, ನಾನು ಕೇಳಿಕೊಳ್ಳುವುದು ಅದನ್ನೇ. ಹನ್ನೊಂದು ದಿನ ಇಟ್ಟಿರಲಿಲ್ಲ.

ಹೋದ ವಾರ ಮಧ್ಯಾಹ್ನ ಫೋನು ಬಂತು. ಮೋಡ ಕೆಳಗಿಳಿದಿದೆ, ಇವತ್ತು ಹಾರಾಟವಿಲ್ಲ, ಇತಿಹಾಸದ ಪ್ರಬಂಧ ಬರೆಯಬೇಕು ಎಂದಳು. ಕೆಳದಿ ಚೆನ್ನಮ್ಮಾಜಿ ಔರಂಗಜೇಬನ ಸೈನ್ಯ ಬರುತ್ತದೆಂದು ತಿಳಿದೂ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳಲ್ಲ, ಅದರ ಮೇಲೆ. "ಪುಸ್ತಕದಲ್ಲಿ ಎರಡೇ ಸಾಲು ಇದೆ ಅಮ್ಮ, ನೀನು ಹೇಳು." ತಡಿ ಪುಟ್ಟಿ, ಹಳೇ ನೋಟ್ಸು ತೆಗೆಯುತ್ತೇನೆ ಎಂದು ಅಟ್ಟಕ್ಕೆ ಏಣಿ ಹಾಕಿದೆ. ನೋಟ್ಸಿನ ಟ್ರಂಕು ತಂಬೂರಿಯ ಹಿಂದೆ ಇತ್ತು.