ಬೇಡುವವನ ಸತ್ಯವ್ರತ

ದಾನ ಕೊಡುವವನ ಧರ್ಮವನ್ನು ಕುರಿತು ಗ್ರಂಥಗಳು ವಿಸ್ತಾರವಾಗಿ ಹೇಳಿವೆ. ದಾನವನ್ನು ಬೇಡುವ ಸಂಸ್ಥೆಯ ಧರ್ಮವನ್ನು ಕುರಿತ ವಿಚಾರ ಅಷ್ಟಾಗಿ ನಡೆದಿಲ್ಲ. ವಿದ್ಯಾರ್ಥಿನಿಲಯ, ಔಷಧಾಲಯ, ಗ್ರಂಥಭಂಡಾರಗಳನ್ನು ನಡೆಸುವ ಟ್ರಸ್ಟುಗಳು ಹಿಂದೆ ಊರಿನ ಮನೆಗಳ ಕೊಡುಗೆಯನ್ನೇ ನೆಚ್ಚಿಕೊಂಡಿದ್ದವು. ಇಂದು ಅವು ಕಂಪನಿಗಳ ಹಾಗೂ ಸರ್ಕಾರದ ಅನುದಾನಕ್ಕೂ ಅರ್ಜಿ ಸಲ್ಲಿಸುತ್ತಿವೆ. ಬೇಡುವುದರಲ್ಲಿ ಅವಮಾನವಿಲ್ಲ. ಆದರೆ ಏನನ್ನು ಹೇಳಿ ಬೇಡಬೇಕು ಎಂಬುದು ವಿಚಾರಾರ್ಹ.

ದತ್ತಿಗೆ ಉದ್ದೇಶವನ್ನು ಕಟ್ಟುವ ಪದ್ಧತಿ ಹೊಸದಲ್ಲ. ಹೊಯ್ಸಳರ ಭಂಡಾರಿ ಹುಳ್ಳನು ಶ್ರವಣಬೆಳಗೊಳದಲ್ಲಿ 1159ರಲ್ಲಿ ಕಟ್ಟಿಸಿದ ಬಸದಿಗೆ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಅಂದಿನ ದಾನಶಾಸನಗಳು ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಪೂಜೆ, ಜೀರ್ಣೋದ್ಧಾರ, ಆಹಾರದಾನವೆಂಬ ಉದ್ದೇಶ ಇವನ್ನು ಕಲ್ಲಿನಲ್ಲಿ ಕಂಡರಿಸುತ್ತಿದ್ದವು. ಕೆಡಿಸಿದವರಿಗೆ ಪಾಪವೆಂಬ ಎಚ್ಚರಿಕೆಯೂ ಕೊನೆಯಲ್ಲಿರುತ್ತಿತ್ತು. ಇಂದಿನ ಅನುದಾನದ ಒಪ್ಪಂದಪತ್ರವು ಅದರದೇ ಕಾಗದದ ರೂಪ.

2013ರ ಕಂಪನಿ ಕಾಯಿದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ವಿದ್ಯೆ, ಆರೋಗ್ಯ, ಹಸಿವಿನ ನಿವಾರಣೆ, ಪ್ರಾಚೀನ ಕಟ್ಟಡಗಳ ರಕ್ಷಣೆ ಮುಂತಾದವು ಅದರ ಅನುಸೂಚಿಯಲ್ಲಿವೆ, ಪೂಜೆ, ಉತ್ಸವಗಳಿಲ್ಲ. ಕಂಪನಿಯು ತನ್ನ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯಿದೆ ಹೇಳುತ್ತದೆ. ಆದುದರಿಂದ ಟ್ರಸ್ಟು ಮೊದಲು ತನ್ನ ಜಿಲ್ಲೆಯ ಕಾರ್ಖಾನೆಗಳನ್ನು ಗುರುತಿಸಿ, ಅವುಗಳ ವಾರ್ಷಿಕ ವರದಿಯಲ್ಲಿ ಹಣ ಯಾವ ಕಾರ್ಯಗಳಿಗೆ ಸಂದಿದೆ ಎಂಬುದನ್ನು ಓದಬೇಕು. 2021ರ ಏಪ್ರಿಲ್ 1ರಿಂದ ಇಂತಹ ಹಣ ಪಡೆಯುವ ಸಂಸ್ಥೆಗೆ ಕೇಂದ್ರ ಕಂಪನಿ ವ್ಯವಹಾರಗಳ ಮಂತ್ರಾಲಯದಲ್ಲಿ ನೋಂದಣಿ ಕಡ್ಡಾಯವಾಗಿದೆ. ಸಾಮಾನ್ಯ ಟ್ರಸ್ಟಿಗೆ ಅದೇ ಬಗೆಯ ಕಾರ್ಯದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವೂ ಬೇಕು.

ಧರ್ಮಸಂಕಟ ಆರಂಭವಾಗುವುದು ಇಲ್ಲಿಂದಲೇ. ಒಂದು ವಿದ್ಯಾರ್ಥಿನಿಲಯದ ಮಾಡು ಸೋರುತ್ತಿದೆ. ಹತ್ತಿರದ ಕಂಪನಿ ಕೊಡುವುದು ಕಂಪ್ಯೂಟರ್ ತರಬೇತಿಗೆ ಮಾತ್ರ ಎಂದು ಭಾವಿಸಬಹುದು. ತರಬೇತಿಯ ಹೆಸರಿನಲ್ಲಿ ಹಣ ಪಡೆದು ಮಾಡನ್ನು ರಿಪೇರಿ ಮಾಡಿಸಿದರೆ ತಪ್ಪೇನು, ಹಣ ಮಕ್ಕಳಿಗೇ ಸಂದಿತಲ್ಲ, ಯಾರ ಜೇಬಿಗೂ ಹೋಗಲಿಲ್ಲವಲ್ಲ ಎಂದು ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಕೇಳುವವರು ದುಷ್ಟರಲ್ಲ, ಮಳೆಗಾಲದಲ್ಲಿ ಹಾಸಿಗೆ ನೆನೆಯುವುದನ್ನು ಕಂಡವರು.

ಆದರೂ ಉತ್ತರ ಸ್ಪಷ್ಟ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಇಲ್ಲದ ಉದ್ದೇಶವನ್ನು ಬರೆಯುವುದು ಮೊದಲನೆಯದು. ಒಂದು ಕಾರ್ಯಕ್ಕೆಂದು ನಂಬಿ ಒಪ್ಪಿಸಿದ ನಿಧಿಯನ್ನು ಬೇರೆಡೆಗೆ ತಿರುಗಿಸುವುದು ಎರಡನೆಯದರ ದಾರಿ. ಕಂಪನಿಯ ಹಣಕಾಸಿನ ಮುಖ್ಯಾಧಿಕಾರಿಯು ಅನುದಾನ ಒಪ್ಪಿದ ಉದ್ದೇಶಕ್ಕೇ ವೆಚ್ಚವಾಯಿತೆಂದು ಪ್ರಮಾಣೀಕರಿಸಬೇಕೆಂಬ ನಿಯಮವಿದೆ. ಟ್ರಸ್ಟಿನ ಸುಳ್ಳು ಲೆಕ್ಕವನ್ನು ನಂಬಿ ಆತ ಅರಿಯದೆ ಅಸತ್ಯಕ್ಕೆ ಸಹಿ ಹಾಕುತ್ತಾನೆ. ಕೃತದೋಷದೊಡನೆ ಕಾರಿತದೋಷವೂ ಸೇರಿತು. ಸಭೆಯಲ್ಲಿ ಸುಮ್ಮನಿದ್ದ ಉಳಿದ ಟ್ರಸ್ಟಿಗಳಿಗೆ ಅನುಮತದೋಷ ತಪ್ಪಲಿಲ್ಲ. ಇದಲ್ಲದೆ ಅನುದಾನದ ಮೊತ್ತ ಪರಿಮಿತ. ನಿಜವಾಗಿ ತರಬೇತಿ ನಡೆಸಬಲ್ಲ ಇನ್ನೊಂದು ಸಂಸ್ಥೆಯ ಮಕ್ಕಳ ಪಾಲು ಅಲ್ಲಿಗೆ ತಲುಪದೆ ಹೋಯಿತು.

ಹಾಗೆಂದು ದಾನಿಯ ಇಚ್ಛೆಯನ್ನು ಗಮನಿಸುವುದೇ ತಪ್ಪೆಂದಲ್ಲ. ಹತ್ತು ಕಾರ್ಯಗಳನ್ನು ನಡೆಸುವ ಟ್ರಸ್ಟು ದಾನಿಗೆ ಒಪ್ಪುವ ಒಂದನ್ನು ಮುಂದಿಡುವುದು ವಿವೇಕ. ನಡೆಸದ ಹನ್ನೊಂದನೆಯದನ್ನು ಕಲ್ಪಿಸುವುದು ಕಪಟ. ನಲವತ್ತು ಮಕ್ಕಳಿರುವಲ್ಲಿ ನೂರು ಎಂದು ಬರೆಯುವುದು, ಅನುಭವವಿಲ್ಲದ ಹೊಸ ಸಂಸ್ಥೆಗೆ ಹಳೆಯ ಟ್ರಸ್ಟು ತನ್ನ ನೋಂದಣಿಯನ್ನು ಎರವಲು ಕೊಡುವುದು ಇದೇ ಜಾತಿಯವು. ವಿದೇಶದ ದೇಣಿಗೆಯನ್ನು ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿಯೇ ಇದೆ. ಸ್ನೇಹಕ್ಕಾಗಿ ಹೆಸರನ್ನು ಕೊಟ್ಟವನು ಲೆಕ್ಕವನ್ನೂ ತಾನೇ ಒಪ್ಪಿಸಬೇಕಾಗುತ್ತದೆ.

ಪ್ರಾಮಾಣಿಕ ಮಾರ್ಗ ಕಠಿಣವಾದರೂ ಗೊಂದಲದ್ದಲ್ಲ. ಪ್ರತಿ ಅನುದಾನಕ್ಕೆ ಪ್ರತ್ಯೇಕ ಖಾತೆ ಬರೆಯಬೇಕು. ಮೇಲ್ವಿಚಾರಕನ ಸಂಬಳ, ಲೆಕ್ಕಪರಿಶೋಧಕರ ಶುಲ್ಕಗಳನ್ನು ಬೇರೆ ಬಾಬಿನಲ್ಲಿ ಅಡಗಿಸದೆ ಇದ್ದಂತೆ ತೋರಿಸಬೇಕು. ಪರಿಸ್ಥಿತಿ ಬದಲಾದರೆ ವೆಚ್ಚಕ್ಕೆ ಮೊದಲೇ ದಾನಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಉಳಿದ ಹಣದ ವಿಷಯವನ್ನು ದಾನಿಗೆ ತಾನಾಗಿ ತಿಳಿಸಿ, ಷರತ್ತಿನಂತೆ ಹಿಂದಿರುಗಿಸಬೇಕು. ಮಾಡು ಸೋರುತ್ತಿದ್ದರೆ ಮಾಡಿಗೆಂದೇ ಕೇಳಬೇಕು. ಇಲ್ಲವೆಂಬ ಉತ್ತರ ಬರಬಹುದು.

ಆಗ ಆ ಮಾಡನ್ನು ಹೊದಿಸುವವರು ಯಾರು? ಈ ಪ್ರಶ್ನೆ ಟ್ರಸ್ಟಿಗಳಿಗಿಂತ ಹೆಚ್ಚಾಗಿ ಸಮಾಜದ ಕುಟುಂಬಗಳಿಗೆ ಸೇರಿದ್ದು. ಕಂಪನಿಗಳ ಹಣ ಬರತೊಡಗಿದ ಮೇಲೆ ಮನೆಯ ಕಾಣಿಕೆ ಅನಾವಶ್ಯಕವೆಂದು ಭಾವಿಸುವುದು ಸರಿಯಲ್ಲ. ಹೆಂಚು, ಗೋಡೆ, ಅಡುಗೆಯವಳ ಸಂಬಳ, ದೀಪದ ಬಿಲ್ಲು ಇವು ಯಾರ ವರದಿಯನ್ನೂ ಅಲಂಕರಿಸುವುದಿಲ್ಲ. ಆದುದರಿಂದ ಇವುಗಳಿಗೆ ಅನುದಾನ ದೊರೆಯುವುದು ವಿರಳ. ಷರತ್ತಿಲ್ಲದೆ ಕೊಡುವ ಶ್ರಾವಕನ ನೂರು ರೂಪಾಯಿ ಇಂತಹ ಕಡೆ ಸಲ್ಲುತ್ತದೆ. ಮನೆಗಳು ಅದನ್ನು ಕೊಡುತ್ತಿರುವವರೆಗೆ ಟ್ರಸ್ಟಿನ ಕಾರ್ಯದರ್ಶಿಗೆ ಅರ್ಜಿಯಲ್ಲಿ ಸುಳ್ಳು ಬರೆಯುವ ಒತ್ತಾಯ ಬರಲಾರದು.