ಕಂತಿನಲ್ಲಿ ಕಲಿಸದ ಯಂತ್ರ

ಸುತ್ತಿಗೆ ಹಿಡಿದು ಮರಗೆಲಸ ಕಲಿತವರ ಹೆಬ್ಬೆರಳಿಗೆ ಒಂದಲ್ಲ ಒಂದು ದಿನ ಪೆಟ್ಟು ಬಿದ್ದೇ ಇರುತ್ತದೆ. ಉಗುರು ಕಪ್ಪಾಗುತ್ತದೆ, ವಾರವಿಡೀ ನೋಯುತ್ತದೆ. ಕೈ ಎಲ್ಲಿಡಬೇಕೆಂಬ ಪಾಠ ಮಾತ್ರ ಕೊನೆತನಕ ಉಳಿಯುತ್ತದೆ. ಈಗ ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯ ಸೋಫಾ, ಪ್ಲೈವುಡ್ ಕೆಲಸಕ್ಕೂ ಗಾಳಿಯ ನೇಲ್ ಗನ್ ಬಂದಿದೆ. ಅದು ಕಂತಿನಲ್ಲಿ ಕಲಿಸುವುದಿಲ್ಲ. ಮೊದಲ ತಪ್ಪಿಗೇ ಮೊಳೆ ಅಂಗೈಗೆ ಇಳಿದಿರುತ್ತದೆ.

ಹಾಗಾಗಿ ಪೆಟ್ಟು ಕಲಿಸುತ್ತಿದ್ದುದನ್ನು ಮೇಸ್ತ್ರಿಯೇ ಬಾಯಿಬಿಟ್ಟು ಹೇಳಿಕೊಡಬೇಕು. ದೊಡ್ಡ ಗನ್ನುಗಳಲ್ಲಿ ಮೂತಿಯನ್ನು ಮರಕ್ಕೆ ಒತ್ತಿದರೆ ಮಾತ್ರ ಮೊಳೆ ಹಾರುವ ಏರ್ಪಾಡಿರುತ್ತದೆ. ಕೆಲಸ ಬೇಗ ಸಾಗಲೆಂದು ಅದನ್ನು ತಂತಿಯಲ್ಲಿ ಬಿಗಿಯಬಾರದು. ಟ್ರಿಗರ್ ಒತ್ತಿಕೊಂಡೇ ಮೂತಿ ತಾಗಿಸಿದಲ್ಲೆಲ್ಲ ಹೊಡೆಯುವ ಗನ್ನಿಗಿಂತ, ಪ್ರತಿ ಮೊಳೆಗೂ ಮೊದಲು ಮೂತಿ, ಆಮೇಲೆ ಟ್ರಿಗರ್ ಒತ್ತಬೇಕಾದ ಗನ್ನು ಕ್ಷೇಮ. ಮೊದಲನೆಯದರಲ್ಲಿ ಗಾಯದ ಅಪಾಯ ಸುಮಾರು ಇಮ್ಮಡಿ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಗಳ 2011ರ ಕೈಪಿಡಿ ಹೇಳುತ್ತದೆ. ಜಾಲಿ, ಬೇವಿನ ಗಂಟಿಗೆ ತಾಗಿದ ಮೊಳೆ ಒಳಗೇ ಬಾಗಿ ಪಕ್ಕದಿಂದ ಹೊರಬರಬಹುದು. ಹಿಡಿದ ಕೈ ಒಂದಡಿ ದೂರವಿರಲಿ, ಚಿಕ್ಕ ತುಂಡಿಗೆ ಕ್ಲಾಂಪ್ ಬೀಳಲಿ, ಕಣ್ಣಿಗೆ ಕನ್ನಡಕವಿರಲಿ. ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪು ಕಳಚಿ, ಆಮೇಲೆ ಬೆರಳು ಹಾಕಿ.

ಮಳೆ ಅಪರೂಪವಾದ ಹಿರಿಯೂರಿನಲ್ಲೂ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ಒತ್ತಿ ತುಂಬಿದ ಗಾಳಿ ತಣಿಯುವಾಗ ತನ್ನ ತೇವವನ್ನು ಬಿಡುತ್ತದೆ. ಸಂಜೆ ಅದನ್ನು ಬಸಿಯದಿದ್ದರೆ ಟ್ಯಾಂಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಆ ನೀರು ಪೈಪಿನಲ್ಲಿ ಹರಿದು ಗನ್ನನ್ನೂ ಕೆಡಿಸುತ್ತದೆ. ಎಣ್ಣೆ ಬೇಡುವ ಗನ್ನಾದರೆ ಬೆಳಿಗ್ಗೆ ಅದಕ್ಕೆಂದೇ ಸಿಗುವ ಎಣ್ಣೆಯ ಕೆಲವು ಹನಿ ಸಾಕು. ಕೈಗೆ ಸಿಕ್ಕ ಎಂಜಿನ್ ಆಯಿಲ್ ಬೇಡ, ಒಳಗಿನ ರಬ್ಬರ್ ಉಂಗುರಗಳು ಹಾಳಾಗುತ್ತವೆ. ಮೊಳೆ ಪೂರ್ತಿ ಇಳಿಯುತ್ತಿಲ್ಲವೆಂದು ಗನ್ನಿನ ಮೇಲೆ ಬರೆದ ಮಿತಿ ಮೀರಿ ಒತ್ತಡ ಏರಿಸುವುದೂ ಸಲ್ಲ.

ಇದು ಗೊತ್ತಿಲ್ಲದ್ದೇನಲ್ಲ ಎನ್ನುವವರಿದ್ದಾರೆ. ಹಾಗಿದ್ದೂ ನಡೆಯದಿರಲು ಕಾರಣ ಕೂಲಿಯ ಲೆಕ್ಕ. ಪೀಸಿಗಿಷ್ಟು ಎಂದು ದುಡಿಯುವ ಹುಡುಗನಿಗೆ ಪೈಪು ಕಳಚುವ ಅರ್ಧ ನಿಮಿಷವೂ ನಷ್ಟವೇ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿಗಳಿಗೆ ಉಪಕರಣಕ್ಕೆ 15,000 ರೂಪಾಯಿವರೆಗಿನ ನೆರವಿನ ಜೊತೆಗೆ ತರಬೇತಿಯನ್ನೂ, ತರಬೇತಿಯ ದಿನಗಳಿಗೆ ಭತ್ಯೆಯನ್ನೂ ಇಟ್ಟಿದೆ. ಕಲಿಯುವ ಹೊತ್ತಿಗೂ ಬೆಲೆಯಿದೆ ಎಂಬುದನ್ನು ಸರ್ಕಾರವೇ ಒಪ್ಪಿದ ಮೇಲೆ, ಜಾಗ್ರತೆಯ ಹೊತ್ತನ್ನು ಮಾಲೀಕರೂ ಕೂಲಿಯೊಳಗೆ ಸೇರಿಸಬೇಕು. ಇಲ್ಲವಾದರೆ ಆ ಅರ್ಧ ನಿಮಿಷದ ಖರ್ಚು ಹುಡುಗನ ಕೈಯ ಲೆಕ್ಕಕ್ಕೇ ಬೀಳುತ್ತದೆ.