ಉಪವಾಸವೋ, ಅನ್ನಪಾನನಿರೋಧವೋ?

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ತಪದ ದಿನ, ಮೊಮ್ಮಗಳು ನನ್ನನ್ನು ಕೇಳಿದಳು: “ಅಜ್ಜಾ, ಕೊರಿಯಾದ ಹಾಡುಗಾರ್ತಿಯರೂ ಹಸಿದುಕೊಂಡಿರುತ್ತಾರೆ, ನೀವೂ ಇವತ್ತು ಹಸಿದುಕೊಂಡಿದ್ದೀರಿ. ನಿಮ್ಮದು ತಪಸ್ಸಾದರೆ ಅವರದು ಏಕಲ್ಲ?” ಆಗ ಉತ್ತರ ಹೊಳೆಯದೆ ಸುಮ್ಮನಾದೆ. ಪ್ರಶ್ನೆ ಎಳೆಯಳದಾದರೂ ವಿಷಯ ಎಳೆಯದಲ್ಲವಾದ್ದರಿಂದ ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ದಕ್ಷಿಣ ಕೊರಿಯಾದಲ್ಲಿ ‘ಕೆ-ಪಾಪ್’ ಎಂಬ ಗಾಯನ-ನೃತ್ಯದ ಉದ್ಯಮವು 1990ರ ದಶಕದ ಉತ್ತರಾರ್ಧದಿಂದ ಬೆಳೆದು ಬಂದಿದೆ. ಅಲ್ಲಿನ ಕಂಪನಿಗಳು ಎಳೆಯರನ್ನು ಆರಿಸಿ, ಹಾಡು, ನೃತ್ಯ, ಪರಭಾಷೆಗಳಲ್ಲಿ ವರ್ಷಗಟ್ಟಲೆ ತರಬೇತಿ ಕೊಡುತ್ತವೆ. ‘ಟ್ವೈಸ್’ ತಂಡದ ನಾಯಕಿ ಜಿಹ್ಯೊ 2005ರಲ್ಲಿ ಎಂಟು ವರ್ಷದ ಬಾಲಕಿಯಾಗಿ ಸೇರಿ, ವೇದಿಕೆ ಏರಿದ್ದು 2015ರಲ್ಲಿ. ಹಲವರಿಗೆ ಆ ವೇದಿಕೆ ದೊರೆಯುವುದೇ ಇಲ್ಲ. ಶಾಲೆ ಮುಗಿಸಿ ರಾತ್ರಿಯವರೆಗೆ ಅಭ್ಯಾಸ, ಮೇಲಿಂದ ಮೇಲೆ ತೂಕದ ಪರೀಕ್ಷೆ, ತೂಕ ಏರಿದರೆ ಊಟಕ್ಕೆ ಕಡಿತ ಎಂದು ಅಲ್ಲಿಂದ ಹೊರಬಂದ ಅನೇಕರು ಹೇಳಿದ್ದಾರೆ. ‘ಓ ಮೈ ಗರ್ಲ್’ ತಂಡದ ಯುವತಿಯೊಬ್ಬಳು ಆಹಾರವೇ ಸೇರದ ‘ಅನೊರೆಕ್ಸಿಯಾ’ ಎಂಬ ವ್ಯಾಧಿಯ ಚಿಕಿತ್ಸೆಗಾಗಿ 2016ರಲ್ಲಿ ವಿಶ್ರಾಂತಿ ಪಡೆದು, 2017ರಲ್ಲಿ ತಂಡವನ್ನೇ ತೊರೆಯಬೇಕಾಯಿತು.

ದುಡಿಮೆ ಹೆಚ್ಚಿ ಆಹಾರ ಕುಂದಿದಾಗ ದೇಹವು ತನ್ನ ಕಾರ್ಯಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತದೆ. ಹುಡುಗಿಯರಲ್ಲಿ ಋತುಸ್ರಾವ ನಿಲ್ಲುತ್ತದೆ, ಎಲುಬು ಬಲಗುಂದುತ್ತದೆ, ನಾಡಿ ಮಂದವಾಗುತ್ತದೆ. ಎಲುಬು ಗಟ್ಟಿಗೊಳ್ಳಬೇಕಾದ ವಯಸ್ಸಿನಲ್ಲಾದ ನಷ್ಟವು ಮುಂದೆ ಪೂರ್ತಿಯಾಗಿ ತುಂಬಿಬರುವುದು ಕಷ್ಟ.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತಿನ ಮೇಲೆ ಶಕ್ತಿ ಮೀರಿ ಹೇರು ಹೇರುವುದು ನಾಲ್ಕನೆಯದು. ಅದಕ್ಕೆ ಮೇವು ನೀರು ತಪ್ಪಿಸುವುದು ಐದನೆಯದು. ಪಶುವಿಗೆ ಸಲ್ಲದ್ದು ಮನುಷ್ಯನ ಮಗುವಿಗೆ ಸಲ್ಲುವುದೆಂತು? ಇನ್ನು ಷೋಡಶ ಕಾರಣ ಭಾವನೆಗಳಲ್ಲಿ ತಪಸ್ಸಿನ ಹೆಸರೇ ‘ಶಕ್ತಿತಸ್ತಪ’. ಶಕ್ತಿಯನ್ನು ಬಚ್ಚಿಡಲೂ ಬಾರದು, ಮೀರಲೂ ಬಾರದು. ಆ ಶಕ್ತಿಯನ್ನು ಅಳೆಯಬೇಕಾದವನು ತಪಸ್ಸು ಮಾಡುವವನೇ ಹೊರತು ಅವನಿಂದ ಲಾಭ ಪಡೆಯುವವನಲ್ಲ.

“ಅವರು ತಾವಾಗಿಯೇ ಇಷ್ಟಪಟ್ಟು ಹೋದವರಲ್ಲವೇ?” ಎಂದು ಕೆಲವರು ಕೇಳಬಹುದು. ಒಳಗೆ ಹೋಗುವ ಇಷ್ಟದಷ್ಟೇ ಹೊರಬರುವ ಇಷ್ಟವೂ ಅವರ ಕೈಯಲ್ಲಿದೆಯೇ ಎಂಬುದನ್ನು ನೋಡಬೇಕು. 2009ರಲ್ಲಿ ‘ಟಿವಿಎಕ್ಸ್‌ಕ್ಯೂ’ ತಂಡದ ಮೂವರು ಹದಿಮೂರು ವರ್ಷದ ಕರಾರಿನ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಅಲ್ಲಿನ ವ್ಯಾಪಾರ ಆಯೋಗವು ಏಳು ವರ್ಷಗಳ ಮಿತಿಯುಳ್ಳ ಮಾದರಿ ಕರಾರನ್ನು ಹೊರಡಿಸಿತು. ತರಬೇತಿಯನ್ನು ನಡುವೆ ಬಿಟ್ಟವರಿಂದ ಖರ್ಚಿನ ಎರಡು-ಮೂರು ಪಟ್ಟು ದಂಡ ವಸೂಲು ಮಾಡುವ ಷರತ್ತುಗಳನ್ನು 2017ರಲ್ಲಿ ಆಯೋಗವೇ ತಿದ್ದಿಸಬೇಕಾಯಿತು. ಹದಿನೈದು ತುಂಬದ ಕಲಾವಿದರನ್ನು ವಾರಕ್ಕೆ 35 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 2014ರಲ್ಲಿ ಜಾರಿಗೆ ಬಂದ ಕಾನೂನು ವಿಧಿಸಿತು. ಸಂಕಲ್ಪ ನಿಜವಾಗಿಯೂ ಮಕ್ಕಳದೇ ಆಗಿದ್ದರೆ ಇಷ್ಟು ಕಾವಲು ಏಕೆ ಬೇಕಾಗುತ್ತಿತ್ತು? ಕಠಿಣ ಅಭ್ಯಾಸವನ್ನು ನಾನು ದೂಷಿಸುತ್ತಿಲ್ಲ. ಸಂಗೀತವೂ ಸಾಧನೆಯೇ. ಆದರೆ ಸಾಧಕನು ದಣಿದಾಗ ನಿಲ್ಲಬಲ್ಲನು. ದಣಿದೂ ನಿಲ್ಲಲಾರದವನು ಹೇರು ಹೊತ್ತ ಎತ್ತು.

ಇಲ್ಲಿಗೆ ಮುಗಿಸಿದರೆ ದೋಷವೆಲ್ಲ ಪರದೇಶದ ಕಂಪನಿಗಳದ್ದೆಂದು ನಾವು ನಿಶ್ಚಿಂತರಾಗಬಹುದು. ಆದರೆ ಪಾಪಕ್ಕೆ ಮೂರು ದ್ವಾರಗಳು: ಕೃತ, ಕಾರಿತ, ಅನುಮೋದಿತ. ಹಸಿವಿನಿಂದ ಕೃಶವಾದ ದೇಹವನ್ನು ಕಂಡು “ಎಷ್ಟು ಚೆಲುವು!” ಎಂದು ಕೈತಟ್ಟುವ ಪ್ರೇಕ್ಷಕನು ಅನುಮೋದನೆಯ ದ್ವಾರದಲ್ಲಿ ನಿಂತಿದ್ದಾನೆ. ಆ ದ್ವಾರದಲ್ಲಿ ನಾನೂ ಒಮ್ಮೆ ನಿಂತಿದ್ದೆ.

ನಾನು ಶಿಕ್ಷಕನಾಗಿದ್ದಾಗ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಪರ್ವದಲ್ಲಿ ಮೂರು ಉಪವಾಸ ಮಾಡಿದಳು. ಸಭೆಯಲ್ಲಿ ಅವಳನ್ನು ಹೊಗಳಿ ಹಾರ ಹಾಕಿದವನು ನಾನು. ಮರುವರ್ಷ ಅವಳು ಮೈಯಲ್ಲಿ ಜ್ವರವಿಟ್ಟುಕೊಂಡೇ ಐದಕ್ಕೆ ಸಂಕಲ್ಪ ಮಾಡಿ, ನಾಲ್ಕನೆಯ ದಿನ ಬಸದಿಯ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು. ಎಚ್ಚರವಾದೊಡನೆ ಅವಳು ಕೇಳಿದ ಮಾತು: “ಸರ್, ಈಗ ಪಾರಣೆ ಮಾಡಿದರೆ ಸಭೆಯಲ್ಲಿ ನನ್ನ ಹೆಸರು ಹೇಳುವುದಿಲ್ಲವೇ?” ಶಲ್ಯವಿಲ್ಲದವನೇ ವ್ರತಿ ಎಂದು ಪಾಠ ಹೇಳುತ್ತಿದ್ದ ನಾನೇ ಆ ಮಗುವಿನ ವ್ರತದಲ್ಲಿ ನಿದಾನ ಶಲ್ಯವನ್ನು ನೆಟ್ಟಿದ್ದೆ.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರವಿಷ್ಟೇ: “ಮಗು, ನನ್ನ ಹಸಿವನ್ನು ನಾನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು, ಅದರಿಂದ ಯಾರಿಗೂ ನಷ್ಟವಿಲ್ಲ, ಯಾರಿಗೂ ಲಾಭವಿಲ್ಲ. ಅವರ ಹಸಿವಿನ ಬೀಗದ ಕೈ ಬೇರೆಯವರ ಬಳಿ ಇದೆ.”

ಶ್ರಾವಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಬರುವ ಪರ್ವದಿಂದ ಮಕ್ಕಳ ಉಪವಾಸಗಳ ಸಂಖ್ಯೆಯನ್ನು ಸಭೆಯಲ್ಲಿ ಸಾರುವುದನ್ನು ನಿಲ್ಲಿಸೋಣ. ಎಳೆಯರಿಗೆ ಅವಮೌದರ್ಯವನ್ನು, ರಾತ್ರಿಭೋಜನ ತ್ಯಾಗವನ್ನು ಕಲಿಸೋಣ. ಮಗುವೊಂದು “ಸಾಕು” ಎಂದಾಗ ಮೊದಲು ನೀರು ಕೊಡೋಣ, ಉಪದೇಶ ಆಮೇಲಿರಲಿ.